ಆಳುದ್ದದ ಚರ್ಮದ ಸುರುಳಿ

ಇಥಿಯೋಪಿಯದ ರಕ್ಷಾಸುರುಳಿಗಳ ಸಂರಕ್ಷಣೆ ನನ್ನ ಪಾಲಿಗೆ ಬಂದಾಗ, ಅವುಗಳನ್ನು ಚಪ್ಪಟೆಗೊಳಿಸಿ ಚೌಕಟ್ಟು ಹಾಕಿಸಲು ಒಪ್ಪಬಾರದೆಂದು ಮೊದಲೇ ನಿಶ್ಚಯಿಸಿದ್ದೆ. ಆ ದೇಶದ ಉತ್ತರದ ಎತ್ತರದ ಸೀಮೆಗಳಲ್ಲಿ ದೆಬ್ತೆರಾ ಎನಿಸಿಕೊಂಡ, ಪಾದ್ರಿಯ ದೀಕ್ಷೆಯಿಲ್ಲದಿದ್ದರೂ ಇಗರ್ಜಿಯ ವಿದ್ಯೆಯಲ್ಲಿ ನುರಿತ ಪಂಡಿತರು, ಕಾಯಿಲೆಯವರ ಎತ್ತರಕ್ಕೆ ಸಮನಾಗಿ ಆಡಿನ ಅಥವಾ ಕುರಿಯ ಚರ್ಮದ ಪಟ್ಟಿಗಳನ್ನು ಹೊಲಿದು, ಅಲ್ಲಿನ ಇಗರ್ಜಿಯ ಪ್ರಾಚೀನ ಭಾಷೆಯಾದ ಗೀಜ್‌ನಲ್ಲಿ ಪ್ರಾರ್ಥನೆಗಳನ್ನು ಬರೆದುಕೊಡುತ್ತಿದ್ದರು. ತಲೆಯಿಂದ ಅಂಗಾಲಿನವರೆಗೂ ಕಾವಲಿರಲಿ ಎಂಬುದೇ ಆ ಅಳತೆಯ ಉದ್ದೇಶ. ಬರೆದಾದ ಮೇಲೆ ಅದನ್ನು ಸುತ್ತಿ, ಚರ್ಮದ ಕವಚದೊಳಗಿಟ್ಟು, ತಾಯಿತದಂತೆ ಕೊರಳಿಗೆ ಕಟ್ಟಿಕೊಳ್ಳುತ್ತಿದ್ದರು. ಸುತ್ತಿರುವುದೇ ಅದರ ಸಹಜ ಸ್ಥಿತಿ.

ಪಠ್ಯವೆಲ್ಲ ಕಪ್ಪು ಮಸಿಯಲ್ಲಿದ್ದರೆ, ಪವಿತ್ರ ನಾಮಗಳಿಗೂ ಧರಿಸುವವರ ಹೆಸರಿಗೂ ಕೆಂಪು ಮಸಿ ಮೀಸಲು. ಸೂಕ್ಷ್ಮದರ್ಶಕದ ಕೆಳಗೆ ಸೂಜಿಮೊನೆಯಷ್ಟು ಜಾಗಕ್ಕೆ ತೇವ ತಾಗಿಸಿ ನೋಡಿದಾಗ ಕಪ್ಪು ಅಲುಗಲಿಲ್ಲ, ಕೆಂಪು ಬಿಟ್ಟುಕೊಂಡಿತು. ಹೀಗಾಗಿ ನೀರನ್ನು ನೇರವಾಗಿ ಸೋಕಿಸದೆ, ಆವಿಯನ್ನಷ್ಟೇ ಬಿಡುವ ಗೋರ್‌ಟೆಕ್ಸ್ ಹಾಳೆಯ ಮೂಲಕ ಗೇಣುಗೇಣಾಗಿ ಮೆದುಗೊಳಿಸಿ ಬಿಡಿಸಿದೆ. ಸೀಳುಗಳನ್ನು ತೆಳುವಾದ ಜಪಾನಿ ಕಾಗದ ಮತ್ತು ಜೆಲಟಿನ್ ಅಂಟಿನಿಂದ ಕೂಡಿಸಿದೆ; ಹಳೆಯ ಹೊಲಿಗೆಗಳನ್ನು ಮುಟ್ಟಲಿಲ್ಲ.

ನನ್ನನ್ನು ಬಹುಕಾಲ ಹಿಡಿದು ನಿಲ್ಲಿಸಿದ್ದು ಒಂದು ಹೆಸರಿನ ಜಾಗ. ಮಕ್ಕಳನ್ನು ಕೊಲ್ಲುವ ವೆರ್ಜೆಲ್ಯಾ ಎಂಬ ರಾಕ್ಷಸಿಯನ್ನು ಸಂತ ಸುಸೆನ್ಯೋಸ್ ಸಂಹರಿಸಿದ ಕಥೆಯ ಕೊನೆಯಲ್ಲಿ, 'ನಿನ್ನ ಸೇವಕಿಯನ್ನು ಕಾಪಾಡು' ಎಂಬ ಮೊರೆಯ ಪಕ್ಕದಲ್ಲಿ, ಚರ್ಮವನ್ನು ಕೆರೆದು ಇನ್ನೊಬ್ಬಳ ಹೆಸರನ್ನು ಬರೆಯಲಾಗಿತ್ತು. ಓರೆಬೆಳಕು ಹಾಯಿಸಿದಾಗ ಕೆರೆತದ ಗೀರುಗಳು ಎದ್ದು ಕಂಡವು. ಸುರುಳಿ ಕೈ ಬದಲಾದಾಗ ಹೀಗೆ ಹೆಸರು ತಿದ್ದುವುದು ಅಲ್ಲಿ ರೂಢಿಯೇ ಆಗಿತ್ತು. ಇಬ್ಬರು ಹೆಂಗಸರ ಭಯವೂ ಭರವಸೆಯೂ ಒಂದೇ ಸಾಲಿನಲ್ಲಿದ್ದ ಆ ಜಾಗವನ್ನು ಸಮಗೊಳಿಸಲು ನನಗೆ ಯಾವ ಅಧಿಕಾರವೂ ಇರಲಿಲ್ಲ. ಅಂಚಿನಲ್ಲಿ ಕಟ್ಟಿದ್ದ ಮೈಜಿಡ್ಡನ್ನೂ ತೆಗೆಯಲಿಲ್ಲ. ಅದು ಕೊಳೆಯಲ್ಲ, ಧರಿಸಿದ್ದಕ್ಕೆ ಸಾಕ್ಷಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕತ್ತಿ ಹಿಡಿದ ದೇವದೂತರು, ಅಗಲ ಕಣ್ಣುಗಳ ಮುಖ ನಡುವಿರುವ ಎಂಟು ಮೊನೆಯ ನಕ್ಷತ್ರ, ಇವುಗಳ ಛಾಯಾಚಿತ್ರ ತೆಗೆದು, ಪದೇಪದೇ ಬಿಡಿಸುವ ಪ್ರಮೇಯ ಬಾರದಂತೆ ಮಾಡಿದೆ. ಬಳಿಕ ಅಗಲವಾದ ಆಮ್ಲರಹಿತ ಕೊಳವೆಗೆ ಸಡಿಲವಾಗಿ ಸುತ್ತಿ ಪೆಟ್ಟಿಗೆಯಲ್ಲಿಟ್ಟೆ. ಕವಚದಲ್ಲೇ ಹೊಲಿದಿದ್ದ ಮತ್ತೊಂದು ಸುರುಳಿಯನ್ನು ತೆರೆಯಬಾರದೆಂದು ಕಾರಣಸಹಿತ ವರದಿಯಲ್ಲಿ ಬರೆದಿದ್ದೇನೆ.