ಕೆಸರಿನ ಏರಿನಲ್ಲಿ ಕಲಿತ ಆಲ್ ವೀಲ್ ಡ್ರೈವ್

ನನ್ನ ಕ್ರಾಸ್‌ಓವರ್ ಕಾರಿನ ಡಿಕ್ಕಿ ಮೇಲೆ ಆಲ್ ವೀಲ್ ಡ್ರೈವ್ ಅಂತ ಬರೆದಿದೆ, ಅಂದರೆ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಹೋಗಬಲ್ಲದು. ಅದನ್ನೇ ನಂಬಿ ಒಮ್ಮೆ ಕೆಸರಿನ ಏರು ಹತ್ತಲು ಹೋದೆ. ಅರ್ಧದಲ್ಲಿ ಮುಂದಿನ ಚಕ್ರಗಳು ಗಿರ್ರನೆ ತಿರುಗಿದವು. ಹಿಂದಿನವು ಒಂದು ಕ್ಷಣ ಬಿಟ್ಟು ತಳ್ಳತೊಡಗಿದವು. ಇನ್ನೇನು ಹತ್ತಿತು ಅಂತ ಆಕ್ಸಿಲರೇಟರ್ ತುಳಿದೇ ತುಳಿದೆ. ಸ್ವಲ್ಪ ಹೊತ್ತಿಗೆ ಮೀಟರಿನಲ್ಲಿ ಬಿಸಿಯಾಗಿದೆ ಅನ್ನುವ ಎಚ್ಚರಿಕೆ ಬಂತು. ಹಿಂದಿನ ಚಕ್ರಗಳು ಕೆಲಸ ನಿಲ್ಲಿಸಿದವು.

ತಣ್ಣಗಾಗಲಿ ಅಂತ ಕಾಯುತ್ತಾ ಕಾರಿನ ಮ್ಯಾನ್ಯುಯಲ್ ತೆಗೆದೆ. ಕೊಂಡ ಮೇಲೆ ಅದೇ ಮೊದಲ ಸಲ!

ವಿಷಯ ಇಷ್ಟೇ. ಮಾಮೂಲಿ ಓಟದಲ್ಲಿ ಎಂಜಿನ್ನಿನ ಶಕ್ತಿ ಹೆಚ್ಚುಕಮ್ಮಿ ಪೂರ್ತಿ ಮುಂದಿನ ಚಕ್ರಗಳಿಗೇ ಹೋಗುತ್ತದೆ. ಹಿಂದಕ್ಕೆ ಹೋಗುವ ಶಾಫ್ಟ್ ಸುಮ್ನೆ ತಿರುಗುತ್ತಿರುತ್ತದೆ. ಅದರ ತುದಿಯಲ್ಲಿ, ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ಗೆ ಮೊದಲು, ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಪ್ಲೇಟುಗಳಿವೆ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿ ನಿಲ್ಲದ ಹಾಗೆ ನೋಡುವ ವ್ಯವಸ್ಥೆ) ಸೆನ್ಸರುಗಳಿಂದ ಚಕ್ರ ಜಾರಿದ್ದು ಗೊತ್ತಾದರೆ ಕಂಪ್ಯೂಟರ್ ಆ ಪ್ಲೇಟುಗಳನ್ನು ಒತ್ತಿ ಹಿಡಿಯುತ್ತದೆ. ಆಗ ಹಿಂದಿನ ಚಕ್ರಗಳಿಗೂ ಶಕ್ತಿ. ಅರೆಬರೆ ಹಿಡಿದು ಜಾರುತ್ತಿದ್ದರೆ ಪ್ಲೇಟು ಬಿಸಿಯಾಗುತ್ತದೆ. ನಾನು ಮಾಡಿದ್ದು ಅದನ್ನೇ.

ಎರಡನೇ ಸಲ ಕೆಸರಿಗೆ ಇಳಿಯುವ ಮೊದಲೇ ಆಲ್ ವೀಲ್ ಡ್ರೈವ್‌ನ ಲಾಕ್ ಬಟನ್ ಒತ್ತಿದೆ. ಪ್ಲೇಟುಗಳು ಮೊದಲೇ ಬಿಗಿಯಾದವು. ಒಂದನೇ ಗೇರು, ಹಗುರ ಪಾದ. ಸದ್ದಿಲ್ಲದೆ ಹತ್ತಿತು.

ಮೇಲೆ ಕಾಂಕ್ರೀಟ್ ನೆಲದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ, ಹ್ಯಾಂಡ್‌ಬ್ರೇಕ್ ಬಿಡದೆ ಹೊರಟ ಹಾಗೆ ಕಾರು ಜಗ್ಗಿತು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಜಾಸ್ತಿ ದೂರ ಓಡಬೇಕಲ್ವಾ? ಲಾಕ್ ಅದಕ್ಕೆ ಬಿಡುತ್ತಿರಲಿಲ್ಲ. ವೇಗ ಹೆಚ್ಚಿದರೆ ಅದು ತಾನಾಗಿ ಬಿಡುತ್ತದೆ, ನಾನಿನ್ನೂ ತೆವಳುತ್ತಿದ್ದೆ. ಬಟನ್ ಒತ್ತಿ ಬಿಡಿಸಿದೆ.

ಇನ್ನೊಂದು ಅನುಮಾನ ಉಳಿದಿತ್ತು. ಮುಂದಿನ ಎರಡು ಟೈರು ಹೊಸವು, ಮೇಲಿನ ಗೀರುಗಳ ಆಳ 8 ಮಿಲಿಮೀಟರ್. ಹಿಂದಿನವು ಸವೆದು 4ಕ್ಕೆ ಬಂದಿದ್ದವು. ಒಂದು ಮುಂದಿನ, ಒಂದು ಹಿಂದಿನ ಟೈರಿನ ಕೆಳತುದಿಗೆ ಸೀಮೆಸುಣ್ಣದ ಗೆರೆ ಎಳೆದು, ಸಮ ನೆಲದಲ್ಲಿ ಕಾರನ್ನು ನೇರ ತಳ್ಳಿಸಿದೆ. ಮುಂದಿನ ಗೆರೆ 10 ಸುತ್ತು ಮುಗಿಸಿ ಕೆಳಗೆ ಬಂದಾಗ ಹಿಂದಿನ ಗೆರೆ ಒಂದು ಗೇಣು ದಾಟಿ ಮೇಲೇರಿತ್ತು, ಸುಮಾರು 25 ಸೆಂಟಿಮೀಟರ್. ನೇರ ರಸ್ತೆಯಲ್ಲೂ ಸವೆದು ಚಿಕ್ಕದಾದ ಹಿಂದಿನ ಚಕ್ರ ಬೇಗ ಸುತ್ತುತ್ತಿತ್ತು. ಲಾಕ್ ಹಾಕಿದಾಗೆಲ್ಲ ಆ ವ್ಯತ್ಯಾಸವನ್ನು ಪ್ಲೇಟುಗಳೇ ಉಜ್ಜಿಕೊಂಡು ನುಂಗಬೇಕು. ಮರುವಾರವೇ ಹಿಂದಿನ ಎರಡನ್ನೂ ಬದಲಾಯಿಸಿದೆ. ಈಗ ನಾಲ್ಕನ್ನೂ ಆಗಾಗ ಹಿಂದೆಮುಂದೆ ಮಾಡಿ ಒಂದೇ ಸಮ ಸವೆಯುವ ಹಾಗೆ ನೋಡಿಕೊಳ್ಳುತ್ತೇನೆ.