ಹಂಚಿನ ಚೂರನ್ನು ಅಲ್ಲೇ ಉಳಿಸಿಕೊಂಡು ನದಿದಂಡೆಯನ್ನು ಎಬ್ಬಿಸಿದ್ದು

ಗುರುಪುರ ನದಿಯ ದಂಡೆಯಲ್ಲಿ ಮುಚ್ಚಿಹೋದ ಹಂಚಿನ ಕಾರ್ಖಾನೆಯೊಂದರ ಎರಡೂವರೆ ಎಕರೆಯನ್ನು ನಾನು ಗುತ್ತಿಗೆಗೆ ಹಿಡಿದಾಗ, ನೋಡಿದವರೆಲ್ಲ ಚೂರನ್ನು ಎತ್ತಿಸಿ ಕೆಂಪು ಮಣ್ಣು ತುಂಬಿಸುವಂತೆ ಹೇಳಿದರು. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹಂಚು ಸುಡತೊಡಗಿದಂದಿನಿಂದ ಮಂಗಳೂರಿನ ನದಿದಂಡೆಗಳಲ್ಲಿ ಒಡೆದ ಹಂಚು ಬೀಳುತ್ತಲೇ ಬಂದಿದ್ದು, ನನ್ನ ಜಾಗದಲ್ಲಿ ಅದು ಕೆಲವೆಡೆ ಐದಡಿ ಆಳಕ್ಕಿತ್ತು.

ಮೊದಲ ವರ್ಷ ಅವರ ಮಾತನ್ನೇ ಕೇಳಿದೆ. ಅರವತ್ತು ಲೋಡು ಸಾಗಿಸಿ ಮಣ್ಣು ಹಾಕಿಸಲು ನಾಲ್ಕೂವರೆ ಲಕ್ಷ ಹೋಯಿತು. ಜುಲೈಯಲ್ಲಿ ನೆರೆಯೂ ಉಬ್ಬರವೂ ಒಟ್ಟಿಗೆ ಬಂದು ಆ ಮಣ್ಣಿನ ಮೂರನೇ ಒಂದು ಪಾಲು ಹೊಳೆ ಸೇರಿತು. ಎರಡು ಲಕ್ಷದ ಮುರಕಲ್ಲಿನ ಗೋಡೆ, ಹಿಂದಿನ ನೀರು ಹೊರಬೀಳಲು ಕಂಡಿಯಿಲ್ಲದೆ, ನದಿಯ ಕಡೆಗೆ ವಾಲಿತು. ಉಳಿದ ಮಣ್ಣಿನಲ್ಲಿಟ್ಟ ಅಡಿಕೆ ಸಸಿಗಳ ಎಲೆತುದಿ ಏಪ್ರಿಲ್ ಹೊತ್ತಿಗೆ ಉಪ್ಪಿನಿಂದ ಸುಟ್ಟುಹೋಯಿತು.

ಅನಂತರ ಚೂರು ಸಾಗಿಸುವುದನ್ನೇ ನಿಲ್ಲಿಸಿದೆ. ದೊಡ್ಡ ತುಂಡುಗಳನ್ನು ದಂಡೆಗೆ ಇಳಿಜಾರಾಗಿ ಹರಡಿ ಮೇಲೆ ತೆಂಗಿನ ನಾರಿನ ಚಾಪೆ ಹಾಸಿದೆ. ಒಳಭಾಗದಲ್ಲಿ ಒಂದೂವರೆ ಅಡಿ ಚೂರಿನ ಪದರ ಹಾಕಿ, ಅದರ ಮೇಲೆ ಗೊಬ್ಬರ ಬೆರೆಸಿದ ಮಣ್ಣಿನ ಏರಿಗಳನ್ನು ಕಟ್ಟಿದೆ. ಬೇಸಿಗೆಯಲ್ಲಿ ಕೆಳಗಿನ ಉಪ್ಪುನೀರು ಒರಟು ಚೂರನ್ನು ದಾಟಿ ಮೇಲೇರುವುದಿಲ್ಲ, ಮಳೆಗಾಲದಲ್ಲಿ ಮೇಲಿನ ಉಪ್ಪು ಅದೇ ಚೂರಿನ ಸಂದಿನಲ್ಲಿ ಬಸಿದುಹೋಗುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಏರಿಯ ಮಣ್ಣಿನ ಇಸಿ, ಅಂದರೆ ಉಪ್ಪಿನಂಶ ತೋರಿಸುವ ಅಳತೆ, ಸುಮಾರು ಆರರಿಂದ ಒಂದೂವರೆಗೆ ಇಳಿದಿತ್ತು.

ದಂಡೆಯ ಅಂಚಿಗೆ ಕಾಂಡ್ಲವನ್ನೂ (ಮ್ಯಾಂಗ್ರೋವ್, ಉಪ್ಪುನೀರಿನಲ್ಲಿ ಬೆಳೆಯುವ ಗಿಡ) ನೆಟ್ಟೆ. ಮೊದಲ ಎಂಟುನೂರು ಸಸಿಗಳಲ್ಲಿ ನೂರು ಕೂಡ ಉಳಿಯಲಿಲ್ಲ, ಏಕೆಂದರೆ ಅವನ್ನು ತೀರಾ ತಗ್ಗಿನಲ್ಲಿ ನೆಟ್ಟಿದ್ದೆ. ಮರುವರ್ಷ ಸಾಧಾರಣ ನೀರಿನ ಮಟ್ಟಕ್ಕೂ ಉಬ್ಬರದ ಗೆರೆಗೂ ನಡುವೆ ನೆಟ್ಟಾಗ ಮುಕ್ಕಾಲು ಪಾಲು ಹಿಡಿದವು. ನೆಡುವ ದಿನವನ್ನು ಆರಿಸುವುದರಲ್ಲಿ ಒಂದು ಲೆಕ್ಕವಿದೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಇದರ ನಡುವೆ ಚೂರನ್ನು ಪುಡಿ ಮಾಡಿಸಿ ಸುಣ್ಣದೊಂದಿಗೆ ಸುರ್ಕಿ ಗಾರೆಯನ್ನೂ ಪ್ರಯತ್ನಿಸಿದೆ. ಚೆನ್ನಾಗಿ ಬೆಂದ ಹಂಚಿಗಿಂತ ಅರೆಬೆಂದು ಬಿಸಾಡಿದ ಹಂಚಿನ ಪುಡಿಯೇ ಗಟ್ಟಿ ಹಿಡಿಯಿತು. ಹಸಿ ಹಂಚು ಒಣಗಿಸುತ್ತಿದ್ದ ಹಳೆಯ ಚಾವಡಿಯ ನೆಲವನ್ನೆಲ್ಲ ಅದರಿಂದಲೇ ಮಾಡಿದ್ದೇನೆ. ನಾಲ್ಕು ಮಳೆಗಾಲ ಕಳೆದರೂ ಒಂದು ಬಿರುಕು ಬಿಟ್ಟಿಲ್ಲ. ಬೆರಕೆಯ ಪ್ರಮಾಣವನ್ನು ಬಂದು ನೋಡಿದವರಿಗೆ ಹೇಳುತ್ತೇನೆ.

ಅನುಮತಿಗೆ ಹಿಡಿದ ಹದಿನಾಲ್ಕು ತಿಂಗಳ ಗುತ್ತಿಗೆಹಣವೂ ಸೇರಿ ಒಟ್ಟು ಖರ್ಚು ಹತ್ತೊಂಬತ್ತು ಲಕ್ಷದ ಆಸುಪಾಸು. ಈಗ ಚಾವಡಿಯ ಬಾಡಿಗೆ ತಿಂಗಳಿಗೆ ಹದಿನೆಂಟು ಸಾವಿರ, ಕಾಳುಮೆಣಸು ಮತ್ತು ಅಡಿಕೆ ಸಸಿಗಳ ಮಾರಾಟ ಬೇರೆ. ಮಾರ್ಚ್‌ನಿಂದ ಬಾವಿ ಉಪ್ಪಾಗುವುದರಿಂದ ಹಳೆಯ ಜೇಡಿಗುಂಡಿಯಲ್ಲಿ ಮಳೆನೀರು ನಿಲ್ಲಿಸಿದ್ದೇನೆ. ಕಳೆದ ಮೇ ತಿಂಗಳ ಕೊನೆಯಲ್ಲೂ ಅದರಲ್ಲಿ ಮೊಣಕಾಲುದ್ದ ನೀರಿತ್ತು.