ರಾಗಿಯ ಜೀನ್ ಬ್ಯಾಂಕ್ ಸಂಗ್ರಹವನ್ನು ಸಂಶೋಧನೆಗೆ ಬಳಸುವ ಕ್ರಮ

ಮಂಡ್ಯದ ವಿ.ಸಿ. ಫಾರ್ಮ್‌ನಲ್ಲಿ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ರೂಪಿಸಿದರು. ಶಿಲೀಂಧ್ರದಿಂದ ಬರುವ ಬೆಂಕಿ ರೋಗವನ್ನು ತಡೆದುಕೊಳ್ಳುವ ಜಿಪಿಯು 28 ರಾಗಿ ತಳಿಯ ವಂಶಾವಳಿಯಲ್ಲಿ ಇಂಡಾಫ್ ತಳಿಗಳ ಜೊತೆಗೆ ಐಇ 1012 ಎಂಬ ಸಂಗ್ರಹ ಸಂಖ್ಯೆಯೂ ಸೇರಿದೆ. ಬೆಳೆಗಳ ಬೀಜ ವೈವಿಧ್ಯವನ್ನು ಕಾದಿಡುವ ಭಂಡಾರವೇ ಜೀನ್ ಬ್ಯಾಂಕ್; ಅಲ್ಲಿ ಪ್ರತಿಯೊಂದು ಬೀಜ ಮಾದರಿಗೂ ಹೀಗೊಂದು ಸಂಖ್ಯೆ ಇರುತ್ತದೆ. ಇಂಥ ಸಂಖ್ಯೆಗಳ ನಡುವಿನಿಂದ ತಮ್ಮ ಪ್ರಶ್ನೆಗೆ ಬೇಕಾದ ಬೀಜವನ್ನು ಆರಿಸಿ, ತರಿಸಿ, ನಂಬಬಹುದಾದ ಫಲಿತಾಂಶ ಪಡೆಯುವುದು ಹೇಗೆ ಎಂಬುದನ್ನು ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಮೊದಲು ಪ್ರಶ್ನೆ ಖಚಿತವಾಗಬೇಕು, ಏಕೆಂದರೆ ಎಷ್ಟು ಮಾದರಿಗಳು ಬೇಕೆಂಬುದನ್ನು ಅದೇ ನಿರ್ಧರಿಸುತ್ತದೆ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿರುವ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯಾದ ಇಕ್ರಿಸ್ಯಾಟ್ ತನ್ನಲ್ಲಿದ್ದ 5,940 ರಾಗಿ ಮಾದರಿಗಳಿಂದ ಇಡೀ ಸಂಗ್ರಹದ ವೈವಿಧ್ಯವನ್ನು ಪ್ರತಿನಿಧಿಸುವ 622 ಮಾದರಿಗಳ ಕೋರ್ ಸಂಗ್ರಹವನ್ನೂ, ಅದರಿಂದ ಇನ್ನೂ ಚಿಕ್ಕದಾದ 80 ಮಾದರಿಗಳ ಮಿನಿಕೋರ್ ಸಂಗ್ರಹವನ್ನೂ ರೂಪಿಸಿದೆ. ಕಾಳಿನ ಕ್ಯಾಲ್ಸಿಯಂ ಅಂಶದಲ್ಲಿ ಎಷ್ಟು ವೈವಿಧ್ಯವಿದೆ ಎಂದು ತಿಳಿಯಬೇಕಾದರೆ 80 ಮಾದರಿಗಳು ಒಳ್ಳೆಯ ಆರಂಭ. ಆದರೆ ಬಹಳ ವಿರಳವಾದ ಗುಣವನ್ನು ಹುಡುಕುವಾಗ ಮಿನಿಕೋರ್‌ನಲ್ಲಿ ಅದು ಸಿಗಲಿಲ್ಲವೆಂದು ಇಡೀ ಸಂಗ್ರಹದಲ್ಲೇ ಇಲ್ಲವೆಂದು ತೀರ್ಮಾನಿಸಬಾರದು. ಮಿನಿಕೋರ್‌ನ ಪ್ರತಿಯೊಂದು ಮಾದರಿಯೂ ಒಂದು ಗುಂಪಿನ ಪ್ರತಿನಿಧಿ. ಆದ್ದರಿಂದ ಒಂದು ಮಾದರಿ ಭರವಸೆ ಮೂಡಿಸಿದರೆ ಅದು ಯಾವ ಗುಂಪಿನಿಂದ ಬಂದಿದೆಯೋ ಆ ಗುಂಪಿನ ಉಳಿದ ಮಾದರಿಗಳನ್ನು ತರಿಸಿ ಪರೀಕ್ಷಿಸುವುದು ಮುಂದಿನ ಹೆಜ್ಜೆ. ಇಷ್ಟು ಸರಳವಾದ ಈ ಹೆಜ್ಜೆಯನ್ನು ಅನೇಕ ಪ್ರಬಂಧಗಳು ಇಡುವುದೇ ಇಲ್ಲ.

ಆಯ್ಕೆಗೆ ಆಧಾರವಾಗುವುದು ಪಾಸ್‌ಪೋರ್ಟ್ ದತ್ತಾಂಶ, ಅಂದರೆ ಮಾದರಿ ಎಲ್ಲಿಂದ, ಯಾವಾಗ, ಹೇಗೆ ಬಂತು ಎಂಬ ದಾಖಲೆ. ಜೆನೆಸಿಸ್ ಜಾಲತಾಣದಲ್ಲಿ ಅನೇಕ ದೇಶಗಳ ಜೀನ್ ಬ್ಯಾಂಕುಗಳ ದಾಖಲೆಗಳನ್ನು ಒಂದೇ ರೂಪದಲ್ಲಿ ನೋಡಬಹುದು, ಇಳಿಸಿಕೊಳ್ಳಲೂಬಹುದು. ಅದರಲ್ಲಿ ಮಾದರಿಯ ಜೈವಿಕ ಸ್ಥಿತಿಯನ್ನು ಸೂಚಿಸುವ ಕಾಲಂ ಮುಖ್ಯವಾದುದು. ಅಲ್ಲಿ 100 ಎಂದಿದ್ದರೆ ಕಾಡು ಸಸ್ಯ, 300 ಎಂದಿದ್ದರೆ ನಾಟಿ ತಳಿ, 500 ಎಂದಿದ್ದರೆ ಸುಧಾರಿತ ತಳಿ ಎಂದರ್ಥ. ಬೀಜ ಹೊಲದಲ್ಲಿ ಸಿಕ್ಕಿತೋ ಸಂತೆಯಲ್ಲೋ ಎಂಬುದಕ್ಕೂ ಬೇರೊಂದು ಸಂಕೇತವಿದೆ. ಸಂತೆಯಲ್ಲಿ ಕೊಂಡ ರಾಗಿ ಬೆಳೆದ ಊರು ಬೇರೆ ಇರಬಹುದಾದ್ದರಿಂದ ಅಂಥ ಮಾದರಿಯನ್ನು ಹವಾಮಾನದ ವಿಶ್ಲೇಷಣೆಗೆ ಬಳಸದಿರುವುದೇ ಲೇಸು. ಅಕ್ಷಾಂಶ ರೇಖಾಂಶಗಳನ್ನು ನಕ್ಷೆಯ ಮೇಲೆ ಇಟ್ಟು ನೋಡದೆ ಮುಂದುವರಿಯಬಾರದು. ಅಕ್ಷಾಂಶ ರೇಖಾಂಶಗಳ ಅಂಕಿಗಳು ಅದಲುಬದಲಾದರೆ 13 ಡಿಗ್ರಿ ಉತ್ತರ, 76 ಡಿಗ್ರಿ ಪೂರ್ವದ ಹಾಸನದ ರಾಗಿ ಆರ್ಕ್ಟಿಕ್ ಸಮುದ್ರದಲ್ಲಿ ಬೆಳೆದಂತಾಗುತ್ತದೆ. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿರುವ ಜಾಗತಿಕ ಬೀಜ ಭಂಡಾರಕ್ಕೆ ಅದು ಹತ್ತಿರವೇ ಆದರೂ ಮಳೆಯ ಲೆಕ್ಕಕ್ಕೆ ಉಪಯೋಗವಿಲ್ಲ. ಒಂದೇ ನಾಟಿ ತಳಿ ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೋದಲ್ಲಿ ಐಸಿ ಸಂಖ್ಯೆಯಡಿ, ಇಕ್ರಿಸ್ಯಾಟ್‌ನಲ್ಲಿ ಐಇ ಸಂಖ್ಯೆಯಡಿ ಇರುವ ಸಾಧ್ಯತೆಯೂ ಉಂಟು. ಊರ ಹೆಸರು, ಸಂಗ್ರಹಿಸಿದ ದಿನಾಂಕ, ಸಂಗ್ರಹಕಾರರ ಸಂಖ್ಯೆ ಈ ಮೂರನ್ನೂ ಹೋಲಿಸಿ ನೋಡಿದರೆ ಇಂಥ ಜೋಡಿಗಳು ಬಹುಮಟ್ಟಿಗೆ ಬಯಲಾಗುತ್ತವೆ.

ರಾಗಿಯು ಅಂತರರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಒಪ್ಪಂದದ ಪಟ್ಟಿಯಲ್ಲಿರುವ ಬೆಳೆ. ಆದ್ದರಿಂದ ಇಕ್ರಿಸ್ಯಾಟ್‌ನ ಬೀಜ ಎಸ್‌ಎಂಟಿಎ ಎಂಬ, ಸಸ್ಯ ಸಾಮಗ್ರಿ ವರ್ಗಾವಣೆಯ ಪ್ರಮಾಣಿತ ಕರಾರಿನಡಿ ದೊರೆಯುತ್ತದೆ. ಸಹಿ ಹಾಕುವ ಮುನ್ನ ಅದನ್ನು ಓದಿರಿ. ಬಂದ ಬೀಜವನ್ನು ಇನ್ನೊಬ್ಬರಿಗೆ ಕೊಡಬೇಕಾದರೆ ಅವರೊಂದಿಗೂ ಅದೇ ಕರಾರು ಆಗಬೇಕು. ಬಂದ ರೂಪದಲ್ಲೇ ಅದರ ಮೇಲೆ ಬೌದ್ಧಿಕ ಸ್ವಾಮ್ಯ ಸಾಧಿಸುವಂತಿಲ್ಲ.

ಪೊಟ್ಟಣದಲ್ಲಿ ಬರುವುದು ಕೆಲವೇ ಗ್ರಾಂ ಬೀಜ. ಹೆಚ್ಚು ಗಮನ ಬೇಡುವ ಕೆಲಸ ಶುರುವಾಗುವುದು ಇಲ್ಲಿಂದಲೇ. ರಾಗಿ ಸ್ವಕೀಯ ಪರಾಗಸ್ಪರ್ಶದ ಬೆಳೆಯಾದರೂ ನಾಟಿ ತಳಿಯ ಒಂದು ಮಾದರಿಯಲ್ಲಿ ಹಲವು ಬಗೆಯ ಗಿಡಗಳು ಬೆರೆತಿರುವುದು ಸಾಮಾನ್ಯ: ಒಂದೇ ಸಾಲಿನಲ್ಲಿ ಮುಷ್ಟಿಯಂತೆ ಬಿಗಿದ ತೆನೆಯೂ ಬೆರಳು ಬಿಚ್ಚಿದ ತೆನೆಯೂ ಕಾಣಬಹುದು. ಡಿಎನ್‌ಎ ಒಂದು ಗಿಡದ್ದು, ಇಳುವರಿಯ ಅಳತೆ ಐವತ್ತು ಗಿಡಗಳದ್ದು ಎಂದಾದರೆ ಎರಡನ್ನೂ ಸೇರಿಸಿ ಮಾಡಿದ ವಿಶ್ಲೇಷಣೆಗೆ ನೆಲೆಯಿಲ್ಲ. ಆದ್ದರಿಂದ ಮೊದಲ ಹಂಗಾಮಿನಲ್ಲಿ ಪ್ರತಿ ಮಾದರಿಯಿಂದ ಒಂದು ಗಿಡವನ್ನು ಆರಿಸಿ, ತೆನೆಗೆ ಚೀಲ ಕಟ್ಟಿ, ಅದರ ಬೀಜವನ್ನೇ ಹೆಚ್ಚಿಸಿಕೊಂಡು ಡಿಎನ್‌ಎಗೂ ಹೊಲದ ಪ್ರಯೋಗಕ್ಕೂ ಬಳಸಬೇಕು. ಅದಕ್ಕೆ ಮೂಲ ಸಂಖ್ಯೆಯನ್ನೇ ಇಡದೆ, ಆ ಸಂಖ್ಯೆಗೆ ಹೊಸ ಗುರುತನ್ನು ಜೋಡಿಸಬೇಕು. ಉಳಿದ ಮೂಲ ಬೀಜವನ್ನು ಒಣಗಿಸಿ ತಂಪಿನಲ್ಲಿ ಕಾದಿಡಬೇಕು.

ಹೊಲದಲ್ಲಿ ಬೀಜ ಸಾಲದಿದ್ದರೆ ಆಗ್ಮೆಂಟೆಡ್ ವಿನ್ಯಾಸವನ್ನು ಬಳಸಬಹುದು. ಅದರಲ್ಲಿ ಹೋಲಿಕೆಗೆಂದು ಇಡುವ ಪರಿಚಿತ ತಳಿಗಳಾದ ಚೆಕ್ ತಳಿಗಳು ಹೊಲದ ಪ್ರತಿ ಬ್ಲಾಕಿನಲ್ಲೂ ಪುನರಾವರ್ತನೆಯಾಗುತ್ತವೆ, ಹೊಸ ಮಾದರಿಗಳು ಒಂದೊಂದು ಬಾರಿ ಮಾತ್ರ ಬರುತ್ತವೆ. ಬೆಂಕಿ ರೋಗದ ಪರೀಕ್ಷೆಯಲ್ಲಿ ತೆನೆ ಹೊರಡುವ ದಿನವನ್ನು ದಾಖಲಿಸಲೇಬೇಕು. ತಡವಾಗಿ ತೆನೆ ಬಿಡುವ ಮಾದರಿ, ಶಿಲೀಂಧ್ರಕ್ಕೆ ಬೇಕಾದ ತೇವದ ದಿನಗಳು ಕಳೆದ ಮೇಲೆ ಹೊರಬಂದು, ನಿರೋಧಕ ಗುಣವಿಲ್ಲದೆಯೂ ರೋಗದಿಂದ ತಪ್ಪಿಸಿಕೊಳ್ಳುತ್ತದೆ. ಮಾದರಿಗಳನ್ನು ತೆನೆ ಬಿಡುವ ಕಾಲಕ್ಕೆ ತಕ್ಕಂತೆ ಗುಂಪು ಮಾಡಿ, ಪ್ರತಿ ಗುಂಪಿಗೂ ಅದೇ ಅವಧಿಯ ಚೆಕ್ ತಳಿಯನ್ನು ಇಟ್ಟು, ರೋಗಾಣುವನ್ನು ಸಿಂಪಡಿಸಿ ಎಲೆ, ಕುತ್ತಿಗೆ, ತೆನೆ ಮೂರರಲ್ಲೂ ಬೇರೆ ಬೇರೆಯಾಗಿ ಅಂಕ ಕೊಡಬೇಕು.

2017ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳ ತಂಡವು ಎಂಎಲ್ 365 ರಾಗಿ ತಳಿಯ ಜೀನೋಮ್ ಅನುಕ್ರಮವನ್ನು ಪ್ರಕಟಿಸಿದ ಮೇಲೆ ಡಿಎನ್‌ಎ ಗುರುತುಗಳ ಕೆಲಸ ಸುಲಭವಾಗಿದೆ. ಆದರೆ ರಾಗಿಯ 36 ಕ್ರೋಮೋಸೋಮುಗಳು ಎರಡು ಪೂರ್ವಜರ ಜೀನೋಮುಗಳಿಂದ ಬಂದವು. ಎರಡಕ್ಕೂ ಹೊಂದುವ ಡಿಎನ್‌ಎ ತುಣುಕುಗಳು ಒಂದೇ ಜಾಗಕ್ಕೆ ಅಂಟಿಕೊಂಡರೆ ಶುದ್ಧ ಗಿಡವೂ ಮಿಶ್ರವೆಂಬಂತೆ ತೋರುತ್ತದೆ. ಅಲ್ಲದೆ ಆಫ್ರಿಕಾದ ಮತ್ತು ಏಷ್ಯಾದ ರಾಗಿಗಳು ಆನುವಂಶಿಕವಾಗಿ ಬೇರೆ ಗುಂಪುಗಳಾಗಿರುವುದರಿಂದ, ಈ ಗುಂಪುರಚನೆಯನ್ನು ಲೆಕ್ಕಕ್ಕೆ ಸೇರಿಸದಿದ್ದರೆ ಖಂಡಗಳ ನಡುವಿನ ಯಾವುದೇ ವ್ಯತ್ಯಾಸವೂ ಜೀನಿನ ಪರಿಣಾಮದಂತೆ ಕಾಣುತ್ತದೆ.

ಪ್ರಬಂಧದಲ್ಲಿ ‘ಹಲವು ನಾಟಿ ತಳಿಗಳು’ ಎಂದು ಬರೆದು ಸುಮ್ಮನಾಗದೆ ಪ್ರತಿ ಮಾದರಿಯ ಸಂಖ್ಯೆಯನ್ನೂ, ಇದ್ದರೆ ಅದರ ಡಿಒಐ ಎಂಬ ಶಾಶ್ವತ ಡಿಜಿಟಲ್ ಗುರುತನ್ನೂ ಅನುಬಂಧದಲ್ಲಿ ಕೊಡಬೇಕು. ತಾಕಿನ ಮೂಲ ಅಂಕಿಗಳು, ಬಿತ್ತಿದ ದಿನಾಂಕ ಮತ್ತು ಸ್ಥಳವನ್ನು ಬೀಜ ಕೊಟ್ಟ ಜೀನ್ ಬ್ಯಾಂಕಿಗೆ ಕಳಿಸಬೇಕು. ಮಾದರಿಯೊಂದು ತನ್ನ ದಾಖಲೆಗೆ ಹೊಂದದೆ ಬೇರೆಯೇ ಆಗಿ ಕಂಡಿದ್ದರೆ ಅದನ್ನೂ ಚಿತ್ರಸಹಿತ ತಿಳಿಸಬೇಕು.